ಬಾಲಕ್ಕೆ ಮಣಿ ಕಟ್ಟಿದ ಓತಿಗಳು

ಗೋಕಾಕದ ಗುಡ್ಡದ ಮೇಲೆ, ಏರುಬಿಸಿಲಿನಲ್ಲಿ, ಮೀನು ಹಿಡಿಯುವ ಗಳ ಹಿಡಿದು ಕೂತಿದ್ದ ನಮ್ಮಿಬ್ಬರನ್ನು ನೋಡಿ ಮೋಟರ್‌ಸೈಕಲ್ ನಿಲ್ಲಿಸದೆ ಹೋದವರು ಕಡಿಮೆ. ಸುತ್ತ ಬರೀ ಬಂಡೆ. ಬಂಡೆಯ ಸಂದಿಗಳಲ್ಲಿ ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಕಳ್ಳಿ. ನೀರು ನೋಡಬೇಕೆಂದರೆ ಗುಡ್ಡ ಇಳಿದು ಹೊಳೆಯ ತನಕ ಹೋಗಬೇಕು. ಮೊದಲ ದಿನವೇ ಒಬ್ಬ ಹಿರಿಯರು ಗಾಡಿ ನಿಲ್ಲಿಸಿ, ನಮ್ಮನ್ನೂ ಗಳವನ್ನೂ ಬಂಡೆಯನ್ನೂ ಒಂದು ಸುತ್ತು ನೋಡಿದರು.

"ಏನವಾ, ಇಲ್ಲೆ ಯಾವ ಮೀನ ಸಿಗತಾವ?"

"ಮೀನ ಅಲ್ರಿ ಅಜ್ಜಾರ, ಓತಿಕ್ಯಾತ" ಎಂದಳು ನನ್ನ ಗೆಳತಿ.

ಅಜ್ಜ ಗಾಡಿಯ ಸ್ಟ್ಯಾಂಡ್ ಹಾಕಿದರು. "ತಿನ್ನಾಕೇನ?"

"ಅಲ್ರಿ, ಅಭ್ಯಾಸ ಮಾಡಾಕ. ಪಿಎಚ್‌ಡಿ."

"ನಿಮ್ಮ ಅಪ್ಪಗ ಗೊತ್ತೈತಿಲ್ಲೋ ಇದು?"

ಗೊತ್ತಿದೆ ಎಂದು ನಾನು ಹೇಳಿದೆ. ಅದು ಅರ್ಧ ನಿಜ. ಮಗಳು ಪಿಎಚ್‌ಡಿ ಮಾಡುತ್ತಿದ್ದಾಳೆ ಎನ್ನುವುದು ಕಲ್ಲೋಳಿಯಲ್ಲಿದ್ದ ನನ್ನ ಅಪ್ಪನಿಗೆ ಗೊತ್ತಿತ್ತು. ಗಳದ ವಿಷಯವನ್ನು ನಾನಿನ್ನೂ ಹೇಳಿರಲಿಲ್ಲ.

ನನ್ನ ಗೆಳತಿ ಹುಕ್ಕೇರಿಯವಳು. ಅಲ್ಲಿನ ಪೇಟೆಯಲ್ಲಿ ಅವಳ ಅಬ್ಬಾನ ಬಳೆ ಅಂಗಡಿ ಇದೆ. ಕಲ್ಲೋಳಿಯಿಂದ ಹುಕ್ಕೇರಿಗೆ ಎಷ್ಟು ಮಹಾ ದೂರ? ಆದರೂ ನಾವು ಒಬ್ಬರನ್ನೊಬ್ಬರು ಮೊದಲು ಕಂಡದ್ದು ನಮ್ಮ ಸಂಶೋಧನಾ ಸಂಸ್ಥೆ ಇದ್ದ ದೂರದ ಶಹರದಲ್ಲಿ, ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ. ನನ್ನ ಹಿಂದೆ ನಿಂತಿದ್ದ ಯಾರೋ, "ಇದಕ್ಕ ಚಟ್ನಿ ಅಂತಾರೇನ ಇವ್ರು?" ಎಂದು ತಮಗೆ ತಾವೇ ಗೊಣಗಿದರು. ತಿರುಗಿ ನೋಡಿದೆ. ಅವತ್ತು ನಾನು ಊರಿನಿಂದ ತಂದಿದ್ದ ಶೇಂಗಾ ಹಿಂಡಿಯ ಡಬ್ಬಿ ಇಬ್ಬರ ನಡುವೆ ಖಾಲಿಯಾಯಿತು. ಇಬ್ಬರೂ ಓತಿಗಳ ಮೇಲೆ ಕೆಲಸ ಮಾಡಬೇಕೆಂದು ಬಂದವರು ಎನ್ನುವುದು ಆಮೇಲೆ ತಿಳಿಯಿತು. ಹಾಗಾದರೆ ನಮ್ಮ ಊರ ಕಡೆಯೇ ಮಾಡೋಣ ಎಂದು ನಮ್ಮ ಗೈಡ್ ಮೇಡಮ್ಮನ್ನು ಒಪ್ಪಿಸಿದೆವು. ಗೋಕಾಕದಲ್ಲಿ, ಊರಿನ ಎತ್ತರದ ಭಾಗದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಅವಳ ಬಳಿ ಒಂದು ಹಳೆಯ ಮೋಟರ್‌ಸೈಕಲ್ ಇತ್ತು. ಓಡಿಸುವವಳು ಅವಳು, ಗಳ ಹಿಡಿದು ಹಿಂದೆ ಕೂಡುವವಳು ನಾನು.

ನಾವು ನೋಡುತ್ತಿದ್ದದ್ದು ಬಂಡೆ ಓತಿಯನ್ನು. ಬೇಸಿಗೆಯಲ್ಲಿ ಗಂಡಿನ ಬೆನ್ನು ಕುಂಕುಮ ಬಳಿದಂತೆ ಕೆಂಪಾಗುತ್ತದೆ, ಪಕ್ಕೆ ಕಪ್ಪಾಗುತ್ತದೆ. ಹೆಣ್ಣು ಮಾತ್ರ ಬಂಡೆಯದೇ ಬಣ್ಣ. ಅಲುಗದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಹುಟ್ಟಾ ಬಂಡೆಯ ಮೇಲೆ ಬದುಕುವ ಈ ಪ್ರಾಣಿ ಊರುಗಳಿಗೂ ಬಂದು ಸೇರಿದೆ. ಹುಕ್ಕೇರಿಯ ಹಳೆಯ ಗುಮ್ಮಟಗಳ ಮೇಲೆ ಇದೆ, ಮೂಡಲಗಿ ಕಡೆಯ ಕಾಲುವೆಯ ಕಲ್ಲುಗೋಡೆಗಳ ಮೇಲೆ ಇದೆ, ಗೋಕಾಕದ ಓಣಿಗಳಲ್ಲಿ ಸಿಮೆಂಟಿನ ಕಂಪೌಂಡಿನ ಮೇಲೂ ಇದೆ. ಬಂಡೆ ಬಿಟ್ಟು ಊರಿಗೆ ಬಂದ ಓತಿ ಹೇಗೆ ಹೊಂದಿಕೊಂಡಿತು, ಅದರ ನಡವಳಿಕೆಯಲ್ಲಿ ಏನು ಬದಲಾಯಿತು ಎನ್ನುವುದು ನಮ್ಮ ಪ್ರಶ್ನೆ.

ಕೆಲಸ ಹೇಳುವುದಕ್ಕೆ ಸರಳ. ಗಳದ ತುದಿಗೆ ನೂಲಿನ ಕುಣಿಕೆ ಕಟ್ಟಿ, ದೂರದಿಂದಲೇ ಓತಿಯ ಕುತ್ತಿಗೆಗೆ ಸರಿಸಿ ಮೆಲ್ಲಗೆ ಎತ್ತಬೇಕು. ಅದಕ್ಕೆ ನೋವಾಗುವುದಿಲ್ಲ, ಸಿಟ್ಟು ಬರುತ್ತದೆ. ಅಳತೆ ತೆಗೆದು, ಬಾಲದ ಬುಡಕ್ಕೆ ಸಣ್ಣ ಗಾಜಿನ ಮಣಿಗಳನ್ನು ದಾರದಲ್ಲಿ ಪೋಣಿಸಿ ಕಟ್ಟಿ, ಹಿಡಿದಲ್ಲಿಯೇ ಬಿಡಬೇಕು. ಒಂದೊಂದು ಓತಿಗೆ ಒಂದೊಂದು ಬಣ್ಣದ ಸಾಲು. ಮುಂದೆ ದೂರದಿಂದ ನೋಡಿದರೂ ಇದು ಯಾವುದು ಎಂದು ಗುರುತು ಸಿಗುತ್ತದೆ. ಮಣಿಗಳು ಬಂದದ್ದು ಹುಕ್ಕೇರಿಯ ಅಂಗಡಿಯಿಂದ. ಪೊಟ್ಟಣ ಕಟ್ಟಿಕೊಡುತ್ತಾ ಗೆಳತಿಯ ಅಬ್ಬಾ, "ಇಷ್ಟ ವರ್ಷ ಹುಡುಗೇರ ಕೊಳ್ಳಾಗ ಹಾಕೊಳ್ಳಾಕ ಮಾರೀನಿ. ಬಾಲದಾಗ ಹಾಕೊಳ್ಳೋ ಗಿರಾಕಿ ಇದೇ ಮೊದಲ" ಎಂದು ನಕ್ಕರು.

ಆಮೇಲಿನ ಕೆಲಸ ಇನ್ನೂ ಸರಳ. ಓತಿಯ ಕಡೆಗೆ ಒಂದೇ ಹದದಲ್ಲಿ ನಡೆದು ಹೋಗಬೇಕು. ಎಷ್ಟು ಹತ್ತಿರ ಬಂದಾಗ ಅದು ಓಡಿತು, ಎತ್ತ ಓಡಿತು ಎಂದು ಟೇಪು ಹಿಡಿದು ಅಳೆಯಬೇಕು.

ಆ ಟೇಪೇ ನಮ್ಮನ್ನು ಸಿಕ್ಕಿಹಾಕಿಸಿದ್ದು. ಗೋಕಾಕದಲ್ಲಿ ನಾವು ಆರಿಸಿಕೊಂಡದ್ದು ಹೊಳೆಯ ಕಡೆಗಿನ ಒಂದು ಹಳೆಯ ಓಣಿ. ಕಲ್ಲಿನ ಗೋಡೆಗಳು, ಅವುಗಳಿಗೆ ಹೊಂದಿಕೊಂಡ ಹೊಸ ಇಟ್ಟಿಗೆ ಗೋಡೆಗಳು, ತುಂಬ ಓತಿಗಳು. ಎರಡನೇ ದಿನ ನಾವು ಗೋಡೆಯಿಂದ ರಸ್ತೆಯ ನಡುವಿನವರೆಗೆ ಟೇಪು ಎಳೆಯುತ್ತಿದ್ದಂತೆ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಕುತ್ತಿಗೆಗೆ ಅಳತೆ ಪಟ್ಟಿ ಹಾಕಿಕೊಂಡ ವಯಸ್ಸಾದ ಟೇಲರ್ ಒಬ್ಬರು ಎಲ್ಲರಿಗಿಂತ ಮುಂದೆ ಬಂದು ನಿಂತರು.

"ಯಾರ ಕಳಿಸ್ಯಾರ ನಿಮ್ಮನ್ನ? ರೋಡ ಅಗಲ ಮಾಡೂದೈತಿ ಅಂತ ಹೋದ ವರ್ಷದಿಂದ ಕೇಳಾಕತ್ತೇವಿ. ಇದು ನಮ್ಮ ಅಜ್ಜನ ಕಾಲದ ಗ್ವಾಡಿ. ಒಂದ ಕಲ್ಲ ಮುಟ್ಟಾಕ ಬಿಡೂದಿಲ್ಲ."

"ಚಾಚಾ, ನಾವು ಗ್ವಾಡಿ ಅಳ್ಯಾಕ ಬಂದಿಲ್ರಿ" ಎಂದಳು ಗೆಳತಿ. "ಗ್ವಾಡಿ ಮ್ಯಾಲಿನ ಓತಿಕ್ಯಾತ ಮನಶ್ಯಾರಿಗೆ ಎಷ್ಟ ಅಂಜತೈತಿ ಅಂತ ಅಳ್ಯಾಕತ್ತೇವಿ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ನಂಬಲಿಲ್ಲ. ಸರ್ಕಾರದವರು ಇಂಥ ನೆಪ ಹೇಳುತ್ತಾರೆ ಎಂದು ಹಿಂದಿನಿಂದ ಯಾರೋ ಅಂದರು. ಕೊನೆಗೆ ನಾನು ಚೀಲದಿಂದ ಅರಣ್ಯ ಇಲಾಖೆಯ ಅನುಮತಿ ತೆಗೆಯುವಷ್ಟರಲ್ಲಿ ಗೆಳತಿ ಅದಕ್ಕಿಂತ ಒಳ್ಳೆಯ ಉಪಾಯ ಮಾಡಿದ್ದಳು. ಗಳ ಚಾಚಿ, ಅದೇ ಗೋಡೆಯ ಮೇಲಿಂದ ಕೆಂಪು ಬೆನ್ನಿನ ಗಂಡೊಂದನ್ನು ಎತ್ತಿ ಅಂಗೈಯಲ್ಲಿ ಹಿಡಿದು ತೋರಿಸಿದಳು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಟೇಲರ್ ಚಾಚಾನ ಹೆಂಡತಿ ಮಾತ್ರ ಸರಿಯಲಿಲ್ಲ.

"ಅದು ಕಣ್ಣಿಟ್ಟ ನೋಡಿದ್ರ ರಗತ ಹೀರತೈತಿ ಅಂತಾರಲ್ಲವಾ?"

"ನಾವು ದಿನಾ ನೋಡಾಕತ್ತೇವಿ ಚಾಚಿ. ಬಿಸಲಿಗೆ ಕರ್ರಗ ಆಗೇವಿ, ರಗತ ಮಾತ್ರ ಇದ್ದಷ್ಟ ಐತಿ."

ಚಾಚಿ ಬೆರಳು ಮುಂದೆ ಮಾಡಿ ಓತಿಯ ಬೆನ್ನನ್ನು ಒಂದು ಸಲ ಸವರಿದರು. "ಬಿಸಿ ಐತಲ್ಲ!" ಎಂದು ಬೆರಳು ಹಿಂದೆಗೆದುಕೊಂಡು ನಕ್ಕುಬಿಟ್ಟರು. ಅಲ್ಲಿಗೆ ಜಗಳ ಮುಗಿಯಿತು. ಅವತ್ತಿನಿಂದ ನಮಗೆ ಅವರ ಕಟ್ಟೆಯ ಮೇಲೆ ಕೂಡಲು ಜಾಗ, ಚಹಾ, ಮತ್ತು 'ಓತಿಕ್ಯಾತದ ಮೇಡಮ್' ಎನ್ನುವ ಹೆಸರು. ಚಾಚಾನ ಹೊಲಿಗೆ ಮಷೀನುಗಳ ಸದ್ದು ಕೇಳುತ್ತಾ ನಾವು ಆ ಬೇಸಿಗೆಯನ್ನು ಅಲ್ಲೇ ಕಳೆದೆವು. ಚಾಚಾ ಸುತ್ತಲಿನ ಸಾಲೆಗಳ ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುತ್ತಿದ್ದರು. ನೀಲಿ ಚಡ್ಡಿ, ಬಿಳಿ ಅಂಗಿಗಳ ರಾಶಿ ದಿನದಿನಕ್ಕೆ ಏರುತ್ತಿತ್ತು.

ಅಪ್ಪನಿಗೆ ಗಳದ ವಿಷಯ ಹೇಳಿದ್ದು ಅದೇ ದಿನಗಳಲ್ಲಿ. ಕಲ್ಲೋಳಿಗೆ ಹೋಗಿದ್ದೆ. ಅಪ್ಪ ಅರಿಷಿಣದ ಹೊಲಕ್ಕೆ ನೀರು ಬಿಟ್ಟು ಬಂದು ಊಟಕ್ಕೆ ಕೂತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, ರೊಟ್ಟಿ ಮುರಿಯುತ್ತಾ, "ಓತಿಕ್ಯಾತ ನಮ್ಮ ಬದುವಿನ ಮ್ಯಾಲೂ ಅದಾವ. ಅದನ್ನ ನೋಡಾಕ ಇಷ್ಟ ವರ್ಷ ಸಾಲಿ ಕಲೀಬೇಕಿತ್ತೇನ ನೀ?" ಎಂದ.

"ಕಲ್ತಾಕಿಗೆ ಗೊತ್ತಿರತೈತಿ ಬಿಡ್ರಿ" ಎಂದಳು ಅವ್ವ.

ಅಪ್ಪ ಸಿಟ್ಟಾಗಿರಲಿಲ್ಲ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಡಾಕ್ಟರಕೀ, ಮಾಸ್ತರಕೀ, ಬ್ಯಾಂಕು ಇವೆಲ್ಲ ಅವನಿಗೆ ಗೊತ್ತು. ಯಾರಾದರೂ ಕೇಳಿದರೆ ಮಗಳು 'ಸೈನ್ಸ್‌ದಾಗ ಅದಾಳ' ಎಂದು ಹೇಳಿ ಮಾತು ಬದಲಿಸುತ್ತಿದ್ದ. ಅದು ನನಗೆ ನೋವು ಕೊಡುತ್ತಿತ್ತು. ಆದರೆ ನನ್ನ ಕೆಲಸದಿಂದ ಏನು ಬಂತು ಎಂದು ಕೇಳಿದರೆ ಹೇಳುವುದಕ್ಕೆ ನನ್ನ ಬಳಿಯೂ ಏನೂ ಇರಲಿಲ್ಲ.

ಮಳೆಗಾಲದ ಶುರುವಿನಲ್ಲಿ ಸಂಸ್ಥೆಯಲ್ಲಿ ನಮ್ಮ ಮೊದಲ ವರದಿ ಇತ್ತು. ಊರಿನ ಓತಿಗಳು ಮನುಷ್ಯರನ್ನು ಹೆಚ್ಚು ಹತ್ತಿರ ಬಿಟ್ಟುಕೊಳ್ಳುತ್ತವೆ, ಗುಡ್ಡದವು ದೂರದಿಂದಲೇ ಓಡುತ್ತವೆ ಎಂದು ನಾವು ಚಿತ್ರಗಳನ್ನು ತೋರಿಸಿ ವಿವರಿಸಿದೆವು. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು, "ಇದು ಊರಿನ ಪಾರಿವಾಳಗಳನ್ನು ನೋಡಿದ ಯಾರಿಗಾದರೂ ಗೊತ್ತು. ನೀವು ಹೊಸದಾಗಿ ಕಂಡದ್ದೇನು?" ಎಂದು ಕೇಳಿದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ. ಅದಕ್ಕೇ ಆ ಮಾತು ಇನ್ನೂ ಆಳಕ್ಕೆ ಹೋಯಿತು. ಗೆಳತಿ ಏನೋ ಉತ್ತರ ಕೊಟ್ಟಳು. ನಾನು ನೆಲ ನೋಡುತ್ತಾ ನಿಂತಿದ್ದೆ.

ಊರಿಗೆ ಮರಳುವಾಗ ರೈಲಿನಲ್ಲಿ ನಾನು ಅವಳಿಗೆ ಹೇಳಿದೆ: "ನಾ ಬಿಡತೇನಿ ಬೇ. ಎಲ್ಲ್ಯಾರ ಕಾಲೇಜಿನ್ಯಾಗ ಪಾಠ ಮಾಡಿಕೊಂಡ ಇರತೇನಿ."

"ಬಿಡವಂತಿ. ಮಳಿಗಾಲ ಮುಗೀಲಿ" ಎಂದಳು ಅವಳು. "ಮೊಟ್ಟಿ ಇಡೋ ಹೊತ್ತಿನ್ಯಾಗ ಬಿಟ್ಟ ಹೋದ್ರ ನನಗ ಒಬ್ಬಾಕಿಗೆ ಆಗೂದಿಲ್ಲ." ಕಿಟಕಿಯ ಹೊರಗೆ ಮಳೆ ಹಿಡಿದುಕೊಂಡಿತ್ತು.

ಆ ಮಳೆ ಬಿಡಲಿಲ್ಲ. ಶ್ರಾವಣದಲ್ಲಿ ಮೇಲೆ ಘಟ್ಟದ ಕಡೆ ಎಡೆಬಿಡದೆ ಸುರಿದು, ಆಣೆಕಟ್ಟು ತುಂಬಿ, ಹೊಳೆಗೆ ನೀರು ಬಿಟ್ಟರು. ಒಂದು ಬೆಳಿಗ್ಗೆ ಮೈಕು ಕಟ್ಟಿದ ಆಟೋ ಗೋಕಾಕದ ತಗ್ಗಿನ ಓಣಿಗಳಲ್ಲಿ ತಿರುಗಿ, ಮನೆ ಖಾಲಿ ಮಾಡಿ ಎಂದು ಸಾರಿತು. ನಾವು ಓಣಿಗೆ ಹೋದಾಗ ಹೊಳೆಯ ನೀರು ಕೊನೆಯ ಮನೆಯ ಮೆಟ್ಟಿಲಿಗೆ ಬಂದಿತ್ತು. ಜನ ಗಂಟುಮೂಟೆ ತಲೆಯ ಮೇಲೆ ಹೊತ್ತು ಏರಿಗೆ ನಡೆದಿದ್ದರು. ಚಾಚಾ ಮಾತ್ರ ಅಂಗಡಿಯ ಹೊಸ್ತಿಲಲ್ಲಿ ಕೂತಿದ್ದರು. ಹಿಂದೆ ಕಬ್ಬಿಣದ ಕಾಲಿನ ಮಷೀನುಗಳು, ಅದರ ಹಿಂದೆ ಗೋಡೆಯುದ್ದಕ್ಕೂ ಯೂನಿಫಾರ್ಮಿನ ರಾಶಿ.

"ಎಲ್ಲಾ ಟೆಂಪೊ ಹೋಗ್ಯಾವ. ನೀವು ನಡೀರಿ" ಎಂದರು ಚಾಚಾ. "ಸಾಲಿ ಹುಡುಗರ ಅರಬಿ ಬಿಟ್ಟ ನಾ ಹೆಂಗ ಬರ್ಲಿ?"

ನಾನು ಯೋಚನೆ ಮಾಡಲಿಲ್ಲ. ಅಪ್ಪನಿಗೆ ಫೋನು ಮಾಡಿದೆ. ನಾನು ಎರಡು ಮಾತು ಆಡುವಷ್ಟರಲ್ಲಿ ಅವನು, "ಟ್ರೇಲರ್ ಹಚ್ಚಿಕೊಂಡ ಬರತೇನಿ. ನೀ ನೀರಾಗ ಇಳೀಬ್ಯಾಡ" ಎಂದು ಇಟ್ಟುಬಿಟ್ಟ.

ಅವನು ಕಲ್ಲೋಳಿಯಿಂದ ಲೋಳಸೂರ ಸೇತುವೆ ದಾಟಿ ಬರುವ ಹೊತ್ತಿಗೆ ಓಣಿಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಅಪ್ಪ ಟ್ರ್ಯಾಕ್ಟರನ್ನು ಹಿಂದುಹಿಂದಕ್ಕೆ ಓಣಿಯೊಳಗೆ ಇಳಿಸಿದ. ಚಾಚಾನನ್ನು ಅವನು ಹಿಂದೆಂದೂ ಕಂಡವನಲ್ಲ. "ಮೊದಲ ಮಷೀನ ಕೊಡ್ರಿ, ಭಾರದ್ದು ಕೆಳಗ ಇರ್ಲಿ, ಅರಬಿ ಮ್ಯಾಲ ಹಾಕೂಣು" ಎಂದು ಕೈಚಾಚಿದ, ಅಷ್ಟೇ. ನಾವು ನಾಲ್ವರು ಸೇರಿ ಏರಿಸಿದೆವು. ಚಾಚಿ ತಮ್ಮ ಮನೆಯ ಪಾತ್ರೆಗಳಿಗಿಂತ ಮೊದಲು ನೆರೆಮನೆಯ ಬಾಣಂತಿಯನ್ನೂ ಕೂಸನ್ನೂ ಟ್ರೇಲರಿನ ಮೂಲೆಯಲ್ಲಿ ಬಟ್ಟೆಯ ರಾಶಿಗೆ ಒರಗಿಸಿ ಕೂರಿಸಿದರು. ಏರಿನ ಮೇಲಿದ್ದ ಸಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು. ಅಲ್ಲಿಗೆ ಎಲ್ಲವನ್ನೂ ಇಳಿಸಿ ಅಪ್ಪ ಮತ್ತೆ ಓಣಿಗೆ ಹೋದ, ಮತ್ತೆ ಹೋದ, ನೀರು ಗಾಲಿ ಮುಳುಗಿಸುವ ತನಕ.

ಟ್ರೇಲರಿನ ಹಿಂದೆ ನಿಂತು ಕೊನೆಯ ಸಲ ತಿರುಗಿ ನೋಡಿದಾಗ ನಮ್ಮ ಗೋಡೆಗಳಿಗೆ ಕಂದು ನೀರು ಬಡಿಯುತ್ತಿತ್ತು. ಗೆಳತಿ ಏನನ್ನೋ ಹುಡುಕುತ್ತಿದ್ದಳು. ಏನನ್ನು ಎಂದು ನನಗೆ ಗೊತ್ತಿತ್ತು. ಇಷ್ಟು ಮಂದಿ ಮನೆ ಬಿಟ್ಟು ಹೊರಟಿರುವಾಗ ಓತಿಗಳ ಮಾತು ಎತ್ತುವುದು ಸರಿಯಲ್ಲ ಎಂದು ಇಬ್ಬರೂ ಬಾಯಿ ಬಿಡಲಿಲ್ಲ.

ಅಪ್ಪ ಊರಿಗೆ ಹೊರಡುವಷ್ಟರಲ್ಲಿ ಸುದ್ದಿ ಬಂತು. "ಬ್ರಿಜ್ ಬಂದ್ ಮಾಡ್ಯಾರಂತ" ಎಂದು ಹೇಳಿ ಟ್ರ್ಯಾಕ್ಟರ್ ಆರಿಸಿದ. ಹೊಳೆ ಇಳಿಯುವ ತನಕ ಅವನು ಗೋಕಾಕದಲ್ಲೇ ಉಳಿಯಬೇಕಾಯಿತು. ನಮ್ಮ ಕೋಣೆಯ ಮಾಲೀಕರ ಮನೆಗೆ ಬಾ ಎಂದರೆ ಬರಲಿಲ್ಲ. ಸಾಲೆಯ ವರಾಂಡದಲ್ಲಿ ಚಾಚಾನ ಬಾಜೂ ಹಾಸಿಕೊಂಡ. ಹಗಲು ಟ್ರ್ಯಾಕ್ಟರಿನಲ್ಲಿ ಕುಡಿಯುವ ನೀರು, ಅಕ್ಕಿಚೀಲ ತಂದುಹಾಕುವ ಕೆಲಸ ತಾನಾಗಿಯೇ ಮೈಮೇಲೆ ತೆಗೆದುಕೊಂಡ.

ಎರಡು ದಿನ ಕಳೆದ ಮೇಲೆ ಬಿಸಿಲು ಬಂತು. ನಾವು ಗುಡ್ಡಕ್ಕೆ ಹೊರಟೆವು. ಓಣಿ ಹೋದರೂ ಗುಡ್ಡ ಇತ್ತಲ್ಲ. ಮಾಡಲು ಕೆಲಸ ಇಲ್ಲದ ಆ ಮುಂಜಾನೆ ಅಪ್ಪನೂ ಬರುತ್ತೇನೆ ಎಂದ.

ಗುಡ್ಡದ ಮೇಲಿಂದ ನೋಡಿದರೆ ಹೊಳೆ ಯಾವುದು ಹೊಲ ಯಾವುದು ತಿಳಿಯುತ್ತಿರಲಿಲ್ಲ. ಕಬ್ಬಿನ ತುದಿಗಳು ಮಾತ್ರ ನೀರಿನ ಮೇಲೆ ಗೀರು ಎಳೆದಂತೆ ಕಾಣುತ್ತಿದ್ದವು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ತಿರುಗಿ, ನಾವು ಗಳ ಬಿಚ್ಚುವುದನ್ನು ನೋಡಿದ. ಗೆಳತಿ ಓತಿ ಎತ್ತಿದ್ದು, ನಾನು ಅಳೆದದ್ದು, ಮಣಿ ಕಟ್ಟಿದ್ದು, ಬಿಟ್ಟದ್ದು, ಎಲ್ಲವನ್ನೂ ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ನೋಡಿದ.

"ಈಗ ಏನ ಮಾಡತೀರಿ?"

"ಈಗ ಅದರ ಕಡೆ ನಡಕೋತ ಹೋಗಬೇಕ ಅಪ್ಪಾ. ಜೋರಾಗೂ ಅಲ್ಲ, ಸಾವಕಾಶನೂ ಅಲ್ಲ. ಎಲ್ಲಾ ಸಲ ಒಂದೇ ನಮೂನಿ."

"ನಾ ಹೋಗ್ಲೇನ?"

ಅವನು ಚಪ್ಪಲಿ ಬಿಟ್ಟು ನಡೆದ. ವರ್ಷವರ್ಷ ಬಿತ್ತನೆಗೆ ಸಾಲು ಹಿಡಿದು ನಡೆದ ಕಾಲು. ಆ ನಡಿಗೆಯ ಹದ ನಮ್ಮಿಬ್ಬರಿಗೂ ಬಂದಿರಲಿಲ್ಲ. ಓತಿ ತಲೆ ಎತ್ತಿತು, ಮುಂಗಾಲು ಊರಿ ಮೈ ಎತ್ತಿತು, ಕೊನೆಗೆ ಬಂಡೆಯ ಅಂಚು ದಾಟಿ ಕೆಳಗಿನ ಬಿರುಕಿಗೆ ಜಾರಿತು. ಅಪ್ಪ ನಿಂತಲ್ಲೇ ನಿಂತು, ಟೇಪು ಹಿಡಿದು ಬರುತ್ತಿದ್ದ ನನಗೆ, "ನಾ ಅಲಗಾಡೂದಿಲ್ಲ, ನೀ ಬರೋಬ್ಬರಿ ಅಳೀ" ಎಂದ. ಅವತ್ತು ಬಿಸಿಲಿರುವಷ್ಟು ಹೊತ್ತು ನಡೆಯುವ ಕೆಲಸವೆಲ್ಲ ಅವನದೇ. ಮರುದಿನ ನಾವು ಹೊರಡುವ ಮೊದಲೇ ಟವೆಲ್ ಹೆಗಲಿಗೆ ಹಾಕಿ ತಯಾರಾಗಿ ನಿಂತಿದ್ದ.

ಆ ಸಂಜೆ ಸಾಲೆಯ ವರಾಂಡದಲ್ಲಿ ನಾನು ಚಹಾದ ಕೆಟಲು ಹಿಡಿದು ಬರುತ್ತಿದ್ದಾಗ, ಕಂಬದ ಆಚೆ ಅಪ್ಪ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. ಮೇಳವಂಕಿ ಕಡೆಯಿಂದ ನೆಂಟರನ್ನು ಹುಡುಕಿಕೊಂಡು ಬಂದಿದ್ದ ರೈತರೊಬ್ಬರು ಅವನ ಜೊತೆ ಕೂತಿದ್ದರು.

"ನಿಮ್ಮ ಮಗಳ ಏನ ಮಾಡತಾಳ್ರಿ?"

"ಓತಿಕ್ಯಾತದ ಮ್ಯಾಲ ಪಿಎಚ್‌ಡಿ ಮಾಡಾಕತ್ತಾಳ್ರಿ" ಎಂದ ಅಪ್ಪ.

"ಓತಿಕ್ಯಾತದ ಮ್ಯಾಲ?"

"ಹೌದ್ರಿ. ಬಂಡಿಗಲ್ಲ ಮ್ಯಾಲ ಇರೋ ಪ್ರಾಣಿ ಊರಿಗೆ ಬಂದ್ರ ಹೆಂಗ ಜೀವನ ಮಾಡತೈತಿ ಅಂತ ನೋಡೂದು. ನಾನೂ ಎರಡ ದಿನ ಹೋಗಿದ್ನಿ. ಭಾಳ ತಾಳ್ಮಿ ಬೇಕ್ರಿ ಅದಕ್ಕ."

ನಾನು ಕಂಬದ ಹಿಂದೆಯೇ ನಿಂತೆ. ಕೆಟಲಿನ ಬಿಸಿ ಕೈಗೆ ತಗಲುತ್ತಿತ್ತು. ಕಣ್ಣು ಒರೆಸಿಕೊಂಡು ಆಮೇಲೆ ಹೋಗಿ ಇಬ್ಬರಿಗೂ ಚಹಾ ಹಾಕಿಕೊಟ್ಟೆ. ಅಪ್ಪ ಎಂದಿನಂತೆ, "ಸಕ್ಕರಿ ಜಾಸ್ತಿ ಆಗೈತಿ" ಎಂದ.

ಹೊಳೆ ಇಳಿಯಿತು. ಓಣಿಗೆ ಮರಳಿದಾಗ ಎಲ್ಲಿ ನೋಡಿದರೂ ರಾಡಿ. ಗೋಡೆಗಳ ಮೇಲೆ ಆಳೆತ್ತರಕ್ಕೆ ನೀರಿನ ಗುರುತು. ಇಟ್ಟಿಗೆಯ ಕೆಲವು ಹೊಸ ಗೋಡೆಗಳು ಬಿದ್ದಿದ್ದವು, ಚಾಚಾನ ಅಜ್ಜನ ಕಾಲದ ಕಲ್ಲಿನ ಗೋಡೆ ನಿಂತಿತ್ತು. ನಾವು ಸಲಿಕೆ ಹಿಡಿದೆವು. ಮಧ್ಯೆ ಮಧ್ಯೆ ಗೋಡೆಗಳ ಕಡೆ ಕಣ್ಣು ಹೋಗುತ್ತಿತ್ತು. ಬಿಸಿಲು ಚೆನ್ನಾಗಿತ್ತು, ಓತಿಗಳು ಹೊರಬಂದು ಮೈ ಕಾಯಿಸಿಕೊಳ್ಳುವ ಹೊತ್ತು. ಒಂದೂ ಇರಲಿಲ್ಲ. ನೀರಿನ ಗುರುತಿನ ಮೇಲಿನ ಭಾಗದಲ್ಲೂ ಇರಲಿಲ್ಲ. ಗೆಳತಿ ಒಂದು ಬಿರುಕಿನ ಎದುರು ಕೂತು ಟಾರ್ಚ್ ಬಿಟ್ಟು ನೋಡಿದಳು, ಒಳಗೆ ತುಂಬ ಕೆಸರು. ಎದ್ದು ಬಂದು, "ಹೋದ್ವು ಬೇ" ಎಂದಳು. ಅಷ್ಟು ಗಟ್ಟಿ ಹುಡುಗಿ, ಸಲಿಕೆಗೆ ಒರಗಿ ಅತ್ತುಬಿಟ್ಟಳು. ಚಾಚಿ ಏನೂ ಕೇಳದೆ ಬಂದು ತಲೆ ಸವರಿದರು.

ಅಪ್ಪ ಆ ಹೊತ್ತಿನಲ್ಲಿ ಚಾಚಾನ ಮಾಳಿಗೆಯ ಮೇಲಿದ್ದ. ನೀರಿನ ಟಾಕಿಯ ಪೈಪು ಕಟ್ಟಿಕೊಂಡಿತ್ತು, ಅದನ್ನು ಬಿಡಿಸಲು ಹತ್ತಿದ್ದ. ಮೇಲಿಂದ ಅವನ ಕೂಗು ಕೇಳಿಸಿತು.

"ಯವ್ವಾ, ಇಲ್ಲೆ ಬಾ! ಲಗೂನ ಬಾ!"

ಬಿದ್ದನೋ ಏನೋ ಎಂದು ನಾವಿಬ್ಬರೂ ಮೆಟ್ಟಿಲು ಹತ್ತಿ ಓಡಿದೆವು. ಅಪ್ಪ ಪೈಪು ಹಿಡಿದು ಅಲುಗಾಡದೆ ನಿಂತಿದ್ದ. ಟಾಕಿಯ ಕಟ್ಟೆಯ ಮೇಲೆ, ಅವನಿಂದ ಎರಡು ಮಾರು ದೂರದಲ್ಲಿ, ಹೆಣ್ಣು ಓತಿಯೊಂದು ಹೊಟ್ಟೆ ಒತ್ತಿ ಬಿಸಿಲಿಗೆ ಮಲಗಿತ್ತು. ಬಾಲದ ಬುಡದಲ್ಲಿ ಹಳದಿ, ನೀಲಿ, ಹಳದಿ.

"ನಿಮ್ಮದ ಹೌದಲ್ಲೋ?" ಎಂದು ಪಿಸುಗುಟ್ಟಿದ.

ನಮ್ಮದೇ. ಬೇಸಿಗೆಯಲ್ಲಿ ಚಾಚಾನ ಕಟ್ಟೆಯ ಎದುರಿನ ಗೋಡೆಯಲ್ಲಿ ಹಿಡಿದದ್ದು. ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಬಾಜೂ ಮನೆಯ ಮಾಳಿಗೆ ನೋಡಿದೆವು: ಪ್ಯಾರಪೆಟ್ಟಿನ ಮೇಲೆ ಇನ್ನೊಂದು. ಅದರಾಚೆಯ ಮನೆಯ ತಗಡಿನ ಮೇಲೆ, ಬಣ್ಣ ಮಾಸಿದ ಒಂದು ಗಂಡು. ಆ ದಿನವೆಲ್ಲ ನಾವು ಓಣಿಯ ಮಾಳಿಗೆಗಳನ್ನು ಹತ್ತಿ ಇಳಿದೆವು. ಎಲ್ಲವೂ ಸಿಗಲಿಲ್ಲ. ಆದರೆ ಸತ್ತವೆಂದು ತಿಳಿದಿದ್ದವುಗಳಲ್ಲಿ ಬಹಳಷ್ಟು ಮೇಲಿದ್ದವು. ಮನೆಮಂದಿ ರಾಡಿ ಎತ್ತುವುದು ಬಿಟ್ಟು, "ನಮ್ಮ ಮಾಳಗಿ ಮ್ಯಾಲೂ ನೋಡ್ರಿ ಮೇಡಮ್, ಕೆಂಪ ಮಣೀದ ಐತಿ" ಎಂದು ಕರೆಯುತ್ತಿದ್ದರು. ಅಷ್ಟು ಕಳೆದುಕೊಂಡವರು ನಮ್ಮ ಓತಿ ಸಿಕ್ಕಿದ್ದಕ್ಕೆ ಖುಷಿಪಟ್ಟರು.

ಸಂಜೆ ಟಾಕಿಯ ಕಟ್ಟೆಗೆ ಒರಗಿ ಕೂತಾಗ ಗೆಳತಿ ಹೇಳಿದಳು: "ಎತ್ತ ಓಡಿತು ಅಂತ ದಿನಾ ಬರದೇವಿ. ಅದರ ಕಡೆ ನಾವು ಲಕ್ಷ್ಯನ ಕೊಡಲಿಲ್ಲ ನೋಡ."

ಅವಳು ಹೇಳುವ ಮೊದಲೇ ನನಗೂ ಅದೇ ಹೊಳೆದಿತ್ತು. ಗುಡ್ಡದ ಓತಿ ಹೆದರಿದರೆ ಕೆಳಗೆ ಬಿರುಕಿಗೆ ಇಳಿಯುತ್ತದೆ. ಅಲ್ಲಿ ಶತ್ರು ಬರುವುದು ಮೇಲಿಂದ, ಹದ್ದು ಗಿಡುಗಗಳ ರೂಪದಲ್ಲಿ. ಊರಿನಲ್ಲಿ ಶತ್ರು ಕೆಳಗಿದೆ: ಬೆಕ್ಕು, ನಾಯಿ, ಕಲ್ಲು ಹಿಡಿದ ಮಕ್ಕಳು. ಊರಿನ ಓತಿ ಹೆದರಿದರೆ ಮೇಲಕ್ಕೆ ಹತ್ತುತ್ತದೆ. ಎಷ್ಟು ಹತ್ತಿರ ಬಂದಾಗ ಓಡಿತು ಎನ್ನುವುದರಲ್ಲೇ ಮುಳುಗಿದ್ದ ನಾವು ಎತ್ತ ಓಡಿತು ಎನ್ನುವುದನ್ನು ಸುಮ್ಮನೆ ಪಕ್ಕದಲ್ಲಿ ಗುರುತು ಹಾಕಿಕೊಂಡು ಹೋಗಿದ್ದೆವು. ಬೆಕ್ಕಿಗೆ ಹೆದರಿ ಕಲಿತ ಚಾಳಿ ಹೊಳೆ ಬಂದಾಗ ಕೆಲಸಕ್ಕೆ ಬಂದಿರಬಹುದೇ?

ಗೈಡ್ ಮೇಡಮ್ಮಿಗೆ ಫೋನು ಹಚ್ಚಿದೆವು. ಅವರು ಮೈಸೂರಿನವರು, ಆವೇಶದ ಮಾತು ಆಡುವವರಲ್ಲ. "ನೀವಿಬ್ಬರೂ ಸುರಕ್ಷಿತವಾಗಿದ್ದೀರಾ, ಅದನ್ನ ಮೊದಲು ಹೇಳಿ" ಎಂದರು. ಆಮೇಲೆ ಎಲ್ಲ ಕೇಳಿಸಿಕೊಂಡು, "ಒಂದು ನೆರೆ, ಒಂದು ಓಣಿ. ಇಷ್ಟರಿಂದ ಏನನ್ನೂ ಖಚಿತವಾಗಿ ಹೇಳೋಕಾಗಲ್ಲ. ಆದರೆ ನಿಮಗೆ ಒಳ್ಳೆಯ ಪ್ರಶ್ನೆ ಸಿಕ್ಕಿದೆ. ಈಗ ಅದರ ಬೆನ್ನು ಹತ್ತಿ" ಎಂದರು.

ಕಾಲೇಜಿನಲ್ಲಿ ಪಾಠ ಮಾಡಿಕೊಂಡಿರುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಹೊಳೆಯಿಂದ ದೂರವಿರುವ ಹುಕ್ಕೇರಿಯ ಗುಮ್ಮಟಗಳ ಓತಿಗಳೂ ಮೇಲಕ್ಕೇ ಹತ್ತುತ್ತವೆಯೇ ಎಂದು ನೋಡಿದೆವು, ಹತ್ತುತ್ತಿದ್ದವು. ತುಕ್ಕಾನಟ್ಟಿಯ ಹತ್ತಿರದ ಕಾಲುವೆಯ ಗೋಡೆಯವು ಮಾತ್ರ ನಮ್ಮನ್ನು ಗೊಂದಲಕ್ಕೆ ಹಾಕಿದವು. ಕೆಲವು ಮೇಲೆ, ಕೆಲವು ಕೆಳಗೆ. ಯಾಕೆ ಎಂದು ಇನ್ನೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಈಗ ನನ್ನನ್ನು ಹೆದರಿಸುವುದಿಲ್ಲ. ಸಮಿತಿಯ ಮುಂದೆ ಎರಡನೇ ಸಲ ನಿಂತಾಗ ಅದನ್ನೇ ಹೇಳಿದೆ, ನೆಲ ನೋಡದೆ. ಕನ್ನಡಕದ ಹಿರಿಯರು ಕೇಳಿದ ಪ್ರಶ್ನೆಗಳಿಗೆ ಈ ಸಲ ಕೊನೆಯೇ ಇರಲಿಲ್ಲ, ಚಹಾದ ಹೊತ್ತು ಮುಗಿದರೂ ಬಿಡಲಿಲ್ಲ.

ಆದರೆ ನನಗೆ ಆ ವರ್ಷದಲ್ಲಿ ಎಲ್ಲಕ್ಕಿಂತ ಹತ್ತಿರವಾದದ್ದು ಇನ್ನೊಂದು. ಓಣಿಯಿಂದ ಎತ್ತಿದ ರಾಡಿಯನ್ನು ಜನ ಮೂಲೆಯೊಂದರಲ್ಲಿ ಗುಡ್ಡೆ ಹಾಕಿದ್ದರು. ಅದನ್ನು ಹೊತ್ತೊಯ್ಯಲು ನಗರಸಭೆಯ ಟ್ರ್ಯಾಕ್ಟರ್ ಬಂದ ದಿನ ಚಾಚಿ ಅಡ್ಡ ನಿಂತರಂತೆ. ಆ ಗುಡ್ಡೆಯ ಒಂದು ಬದಿಯಲ್ಲಿ ಓತಿಯೊಂದು ಮುಂಗಾಲಿನಿಂದ ಮಣ್ಣು ಕೆದರಿ, ಹಿಂದಕ್ಕೆ ತಿರುಗಿ ಕೂತಿದ್ದನ್ನು ಅವರು ಕಿಟಕಿಯಿಂದ ನೋಡಿದ್ದರು. ನಮಗೆ ಫೋನು ಮಾಡಿ, "ಅದು ಮೊಟ್ಟಿ ಇಟ್ಟೈತಿ ಅಂತ ನನಗ ಅನಸಾಕತ್ತೈತಿ. ಏನ ಹೇಳ್ಲಿ ಇವ್ರಿಗೆ?" ಎಂದರು. ನಾವು ಹೋಗಿ ಮೆಲ್ಲಗೆ ಬೆರಳಾಡಿಸಿ ನೋಡಿದೆವು. ಇತ್ತು. ಆ ಬದಿಯನ್ನಷ್ಟೇ ಬಿಟ್ಟು ಉಳಿದದ್ದನ್ನು ಒಯ್ಯಲು ಕೆಲಸದವರು ಒಪ್ಪಿದರು. ಚಾಚಾ ಸುತ್ತ ಇಟ್ಟಿಗೆ ಇಟ್ಟು ಗುರುತು ಮಾಡಿದರು.

ದಸರೆಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಚಾಚಿ ಮತ್ತೆ ಕರೆದರು. ನಾವು ಹೋದಾಗ ಹೊಸದಾಗಿ ಗಿಲಾವು ಮಾಡಿದ ಗೋಡೆಯ ಮೇಲೆ, ಕಿಟಕಿಯ ಕೆಳಗೆ, ನನ್ನ ಕಿರುಬೆರಳಿಗಿಂತ ಚಿಕ್ಕದೊಂದು ಮರಿ. ತಲೆ ದೊಡ್ಡದು, ಮೈ 'ಇಷ್ಟೇ' ಎನ್ನುವಷ್ಟು. ಗೆಳತಿ ಕೆಳಗೆ ಕೂತುಬಿಟ್ಟಳು. ಈ ಗಾತ್ರಕ್ಕೆ ಮಣಿ ಕಟ್ಟುವಂತಿಲ್ಲ, ಹಿಡಿಯುವಂತೆಯೂ ಇಲ್ಲ. ನಾವು ಸುಮ್ಮನೆ ನೋಡಿದೆವು. ಚಾಚಾನ ಮಷೀನು ಒಳಗೆ ಓಡುತ್ತಿತ್ತು. ಗೋಡೆಯ ಮೇಲೆ ಇರುವೆಯೊಂದು ಬಂತು. ಮರಿ ತಲೆ ಓರೆ ಮಾಡಿ ಅದನ್ನು ನೋಡಿತು, ನೆಗೆಯಿತು, ನುಂಗಿತು, ಕಣ್ಣು ಮುಚ್ಚಿ ತೆರೆಯಿತು.

ಚಾಚಿ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು.

"ಅದರ ನಾಷ್ಟಾ ಆತು" ಎಂದರು. "ನಿಮ್ದು ಆಗೈತೇನ?"

ಆಗಿಲ್ಲ ಎಂದೆವು. ಬಿಸಿ ಉಪ್ಪಿಟ್ಟಿನ ತಟ್ಟೆಗಳು ಕಟ್ಟೆಗೆ ಬಂದವು.